ಹಾಳೆಯಲ್ಲಿ ಇಲ್ಲದ ಕತ್ತು

…ಅಥವಾ ಅದು ಎಡಗೈಯೇ ಇದ್ದಿರಬಹುದು. ಇಷ್ಟು ವರ್ಷ ಈ ಸಂಗತಿ ಹೇಳುವಾಗಲೆಲ್ಲ ನನ್ನ ರೋಗಿಯೊಬ್ಬರ ಬಲಗೈಯಿಂದ ಚಹಾದ ಲೋಟ ಜಾರಿತು ಎನ್ನುತ್ತಲೇ ಬಂದಿದ್ದೇನೆ. ಈಗ ಬರೆಯಲು ಕುಳಿತರೆ ಲೋಟ ಬಿದ್ದದ್ದನ್ನು ನಾನು ನೋಡಿದ್ದೆನೋ, ಆಕೆಯ ಓರಗಿತ್ತಿ ಹೇಳಿದ್ದನ್ನು ಕೇಳಿ ನೋಡಿದಂತೆ ಮಾಡಿಕೊಂಡೆನೋ ಗೊತ್ತಾಗುತ್ತಿಲ್ಲ. ಬಿಸಿ ಚಹಾ ಪಾದದ ಮೇಲೆ ಚೆಲ್ಲಿತ್ತು, ಆಕೆ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇದೊಂದು ಮಾತ್ರ ಖಚಿತ. ಖಚಿತ ಎಂದು ಬರೆದ ಮೇಲೆ ಅದರ ಬಗ್ಗೆಯೂ ಅನುಮಾನ ಬರುತ್ತಿದೆ, ಇರಲಿ.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದ ಒಂದು ಧರ್ಮಾಸ್ಪತ್ರೆಯಲ್ಲಿ ನಾನು ಕಿರಿಯ ವೈದ್ಯ. ಅಲ್ಲಿನ ಹಿರಿಯ ವೈದ್ಯರು ರುಮಟಾಯಿಡ್ ಸಂಧಿವಾತದವರಿಗೆ ಚಿನ್ನದ ಲವಣದ ಸೂಜಿ ಹಾಕುವ ಒಂದು ಕೆಲಸ ಹಮ್ಮಿಕೊಂಡಿದ್ದರು. ಔಷಧ ಬೆಂಗಳೂರಿನಿಂದ ಬರಬೇಕು, ಬಂದದ್ದು ಎಲ್ಲರಿಗೂ ಸಾಲದು. ಆದ್ದರಿಂದ ಅವರದೊಂದು ಕಟ್ಟುನಿಟ್ಟು. ರೋಗಿ ಹೇಳುವ ನೋವನ್ನು ಬರೆದುಕೊಳ್ಳಬೇಕು, ಆದರೆ ಸೂಜಿ ಮುಂದುವರಿಸುವುದೋ ನಿಲ್ಲಿಸುವುದೋ ಎಂಬುದನ್ನು ಕೀಲು ನೋಡಿಯೇ ತೀರ್ಮಾನಿಸಬೇಕು. "ಬಾಯಿ ದಿನಕ್ಕೊಂದು ಹೇಳುತ್ತಪ್ಪ. ಕೀಲಿಗೆ ಸುಳ್ಳು ಹೇಳೋಕೆ ಬರಲ್ಲ" ಎನ್ನುತ್ತಿದ್ದರು. ಕೆಟ್ಟವರಲ್ಲ. ಸೂಜಿ ಬೇಕೆಂದು ನರಳುವವರನ್ನೂ, ಸೂಜಿಗೆ ಹೆದರಿ ನೋವೇ ಇಲ್ಲ ಎನ್ನುವವರನ್ನೂ ನೋಡಿ ನೋಡಿ ಅವರಿಗೆ ಆ ನಿಲುವು ಬಂದಿತ್ತು.

ವಾರಕ್ಕೊಮ್ಮೆ ನಾನು ಬಸ್ಸು ಹಿಡಿದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಗೆ ಹೋಗಿ ಅಲ್ಲಲ್ಲಿಯ ರೋಗಿಗಳನ್ನು ನೋಡಬೇಕಿತ್ತು. ಹೊಸದುರ್ಗದಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು ಬಾಡಿಗೆ ಕೋಣೆ, ಒಂದು ಬೆಂಚು, ಒಂದು ಸ್ಪಿರಿಟ್ ದೀಪ. ಮೊದಲು ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಕಾಯಿಸಬೇಕು. ಮೋಡ ಕಟ್ಟಿ, ಆಮ್ಲದ ಹನಿ ಬಿಟ್ಟರೂ ಕರಗದಿದ್ದರೆ ಚಿನ್ನ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತಿದೆ ಎಂದರ್ಥ, ಅವತ್ತು ಸೂಜಿ ಇಲ್ಲ. ಆಮೇಲೆ ರಕ್ತ ತೆಗೆದು ಗೆರೆ ಹಾಕಿದ ಉದ್ದನೆಯ ಗಾಜಿನ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಎಷ್ಟು ಕೆಳಗಿಳಿಯಿತು ಎಂದು ನೋಡಬೇಕು. ಬೇಗ ಇಳಿದಷ್ಟೂ ಕಾಯಿಲೆಯ ಜೋರು ಹೆಚ್ಚು. ಅದು ಇಳಿಯುವ ಹೊತ್ತಿಗೆ ಕೀಲುಗಳ ಸರದಿ. ಬೆರಳಿನ ಗೆಣ್ಣಿನ ಊತ ಅಳೆಯಲು ನಮ್ಮಲ್ಲಿದ್ದದ್ದು ಅಕ್ಕಸಾಲಿಗರ ಉಂಗುರದಳತೆ. ಸಣ್ಣದರಿಂದ ದೊಡ್ಡದರವರೆಗೆ ಒಂದು ತಂತಿಗೆ ಪೋಣಿಸಿದ ಉಂಗುರಗಳು. ಗೆಣ್ಣು ದಾಟಿ ಹೋಗುವ ಅತಿ ಸಣ್ಣ ಉಂಗುರ ಯಾವುದೋ ಅದರ ಅಂಕಿ ಬರೆಯಬೇಕು. ಕೊನೆಗೆ ಹಿಡಿತ. ರಕ್ತದೊತ್ತಡ ನೋಡುವ ಪಟ್ಟಿಯನ್ನು ಸುರುಳಿ ಸುತ್ತಿ, ಸ್ವಲ್ಪ ಗಾಳಿ ತುಂಬಿ ಕೈಗೆ ಕೊಟ್ಟು ಹಿಸುಕಲು ಹೇಳುವುದು. ಪಾದರಸ ಎಲ್ಲಿಯವರೆಗೆ ಏರಿತೋ ಅದು ಹಿಡಿತ.

ಇವೆಲ್ಲ ಒಂದು ಹಾಳೆಗೆ ಹೋಗುತ್ತಿದ್ದವು. ಹಾಳೆಯಲ್ಲಿ ಒಬ್ಬ ಮನುಷ್ಯನ ಚಿತ್ರ. ಬೆರಳು, ಮಣಿಕಟ್ಟು, ಮೊಣಕೈ, ಭುಜ, ಮಂಡಿ, ಹರಡು, ಹೀಗೆ ಕೀಲು ಇರುವಲ್ಲೆಲ್ಲ ಒಂದೊಂದು ಸೊನ್ನೆ. ಭುಜದಿಂದ ಮೇಲಕ್ಕೆ ಒಂದೂ ಸೊನ್ನೆ ಇರಲಿಲ್ಲ. ತಲೆ ಬಿಡಿಸಿದ್ದರು, ಬರೀ ಚಿತ್ರ ಪೂರ್ತಿಯಾಗಲೆಂದು.

ಆಕೆ ಬಾಗೂರಿನವರು. ಗಂಡ ತೀರಿಹೋಗಿ ಮೈದುನನ ಮನೆಯಲ್ಲಿ ಇದ್ದವರು, ಹೊಸದುರ್ಗದ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ. ದೊಡ್ಡ ಹಂಡೆಯಲ್ಲಿ ರಾಗಿಮುದ್ದೆ ತೊಳಸುವ ಕೈ. ಮೊದಲು ಬಂದಾಗ ಆ ಕೈಗಳ ಗೆಣ್ಣುಗಳು ಊದಿ ಬೆಳಿಗ್ಗೆ ಬೆರಳು ಮಡಿಸಲು ಆಗುತ್ತಿರಲಿಲ್ಲ. ಜೊತೆಗೆ ಯಾವಾಗಲೂ ಓರಗಿತ್ತಿ, ಎಂದರೆ ಆ ಮೈದುನನ ಹೆಂಡತಿ, ಬರುತ್ತಿದ್ದಳು. ಉಂಗುರ ತೊಡಿಸಿ ತೆಗೆಯುವುದನ್ನು ಮೊದಲ ಸಲ ನೋಡಿದಾಗ ಅವಳು ಕೇಳಿದ್ದಳು:

"ಏನ್ರಿ ಡಾಕ್ಟ್ರೇ, ಅಳತೆ ತಗಂಡು ನಮ್ಮಕ್ಕಂಗೆ ಉಂಗ್ರ ಮಾಡಿಸ್ತೀರೇನ್ರಿ?"

"ಚಿನ್ನ ಎಲ್ಲಾ ಸೊಂಟಕ್ಕೆ ಚುಚ್ತಾರಂತಲ್ಲೇ," ಆಕೆ ಅಂದರು. "ಉಂಗ್ರಕ್ಕೆ ಎಲ್ಲಿ ಉಳೀತೈತೆ?"

ಕೆಲವು ತಿಂಗಳು ಹೀಗೆ ಹೋದವು. ಆಕೆಯ ಹಾಳೆಗಳು ಒಂದಕ್ಕಿಂತ ಒಂದು ಚೆನ್ನಾಗುತ್ತಾ ಬಂದವು. ಮೊದಲು ತೂರದಿದ್ದ ಉಂಗುರಗಳು ತೂರತೊಡಗಿದವು. ರಕ್ತ ಇಳಿಯುವ ವೇಗ ಕಡಿಮೆಯಾಯಿತು. ಮಣಿಕಟ್ಟು ಒತ್ತಿದರೆ ಮುಖ ಕಿವುಚುತ್ತಿರಲಿಲ್ಲ. ಹಿರಿಯರು ಆ ಹಾಳೆಗಳನ್ನು ಚಿತ್ರದುರ್ಗಕ್ಕೆ ಬಂದ ಬೇರೆ ವೈದ್ಯರಿಗೆ ತೋರಿಸಿದ್ದೂ ಉಂಟು.

ಆದರೆ ಆಕೆಯ ಮಾತು ಹಾಳೆಯ ಜೊತೆ ಬರಲಿಲ್ಲ.

"ಹೆಂಗಿದೀರಮ್ಮ?"

"ಚೆಂದಾಗಿಲ್ರಿ."

"ಕೈ ನೋವು?"

"ಕೈ ನೋವಿಲ್ಲ. ಕೈಯೇ ಇಲ್ಲದಂಗೆ ಐತ್ರಿ. ಹೆಂಚು ಮುಟ್ಟಿದ್ರೆ ಸುಡೋದು ತಿಳಿಯಲ್ಲ, ಆಮೇಲೆ ಬೊಬ್ಬೆ ನೋಡಿ ತಿಳೀತೈತೆ."

ಇನ್ನೊಂದು ವಾರ: "ಹಂಡೆ ಮ್ಯಾಲೆ ಬಗ್ಗಿದ್ರೆ ಕತ್ತಿನಿಂದ ಕೆಳಗೆ ಇರುವೆ ಸಾಲು ಹರಿದಂಗೆ ಆಗ್ತೈತ್ರಿ. ಬೆನ್ನಾಗೆ ಇಳಿದು ಕಾಲ್ತನಕ ಹೋಗ್ತೈತೆ. ತಲೆ ಎತ್ತಿದ್ರೆ ನಿಂತೋಗ್ತೈತೆ."

ಮತ್ತೊಂದು ವಾರ ಆಕೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ ಎಂದುಕೊಂಡಿದ್ದೇನೆ. "ತಲೆ ನಂದಲ್ಲ ಅನ್ನಿಸ್ತೈತ್ರಿ. ಯಾರದೋ ತಂದು ಇಟ್ಟಂಗೆ. ಜಾರಿ ಬೀಳ್ತೈತೇನೋ ಅಂತ ಕೈಯಲ್ಲಿ ಹಿಡ್ಕಂಡೇ ಕುಂತಿರ್ತೀನಿ."

ಓರಗಿತ್ತಿ ನಕ್ಕಳು. "ಮುದ್ದೆ ತೊಳಸೋ ದಿನಾನೇ ನಮ್ಮಕ್ಕನ ತಲೆ ಜಾರೋದು. ಹಬ್ಬದ ಹೋಳಿಗೆ ತಿನ್ನೋವಾಗ ಗಟ್ಟಿಯಾಗಿ ಕುಂತಿರ್ತೈತ್ರಿ."

"ಲೇ, ನಿನ್ನ ತಲೆ ತಗಂಡು ನಂಗೆ ಕೊಡು. ಅದ್ರಾಗೆ ಏನೂ ಭಾರ ಇಲ್ಲ," ಆಕೆ ಅಂದರು. ನಾನೂ ನಕ್ಕಿರಬೇಕು.

ಹಾಳೆಯಲ್ಲಿ ಒಂದೇ ಒಂದು ಅಂಕಿ ಆಕೆಯ ಕಡೆಗಿತ್ತು. ಹಿಡಿತ. ಊತ ಇಳಿದಂತೆ ಹಿಡಿತ ಏರಬೇಕು, ಆದರೆ ಪಾದರಸ ಪ್ರತಿಸಲ ಇನ್ನಷ್ಟು ಕೆಳಗೆ ನಿಲ್ಲುತ್ತಿತ್ತು. ದುರ್ಗದಲ್ಲಿ ಹಿರಿಯರಿಗೆ ತೋರಿಸಿದೆ. ಅವರು ಹೇಳಿದ್ದು ತರ್ಕಕ್ಕೆ ಸರಿಯಾಗಿಯೇ ಇತ್ತು. "ಹಿಡಿತ ಅರ್ಧ ಕೈಯ್ದು, ಅರ್ಧ ಮನಸ್ಸಿಂದು. ಹಿಸುಕೋಕೆ ಮನಸ್ಸಿಲ್ಲದಿದ್ರೆ ಪಾದರಸ ಏರಲ್ಲ. ಗಂಡ ಇಲ್ಲ, ಮೈದುನನ ಮನೆ, ಮೈಮುರಿಯೋ ಕೆಲಸ. ಆ ನೋವಿಗೆ ನಮ್ಮ ಹತ್ರ ಸೂಜಿ ಇಲ್ಲ." ಹೀಗೆಂದು ನಿದ್ರೆಯ ಮಾತ್ರೆ ಬರೆದುಕೊಟ್ಟರು.

ಲೋಟ ಬಿದ್ದದ್ದು ಅದಾದ ಮೇಲಿನ ವಾರ. ಅಥವಾ ಅದೇ ವಾರ. ನಾನು ಸೂಜಿ ಹಾಕಿ ಮುಗಿಸಿದ್ದೆ, ಆಕೆ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಹುಡುಕಿಕೊಂಡು ಹೋದವನಲ್ಲ, ಚಹಾ ಚೆಲ್ಲಿದರೂ ಕದಲದ ಆ ಕಾಲಿನ ಮಂಡಿಯ ಕೆಳಗೆ ಸುಮ್ಮನೆ ಸುತ್ತಿಗೆಯಿಂದ ತಟ್ಟಿದೆ. ಕಾಲು ಒದ್ದಂತೆ ಮುಂದಕ್ಕೆ ಹಾರಿತು, ಸಹಜಕ್ಕಿಂತ ಜೋರಾಗಿ. ಪಾದದ ಅಡಿಯಲ್ಲಿ ಕೀಲಿಕೈಯ ತುದಿಯಿಂದ ಗೀರಿದೆ, ಹೆಬ್ಬೆರಳು ಮೇಲಕ್ಕೆ ಎದ್ದಿತು. ದೊಡ್ಡವರಲ್ಲಿ ಹೆಬ್ಬೆರಳು ಕೆಳಗೆ ಮಡಿಯಬೇಕು. ಮೇಲೆದ್ದರೆ ಬೆನ್ನುಹುರಿಗೆ ಎಲ್ಲೋ ಒತ್ತಡ ಬಿದ್ದಿದೆ ಎಂದರ್ಥ. ಮತ್ತೆ ಗೀರಿದೆ. ಈ ಸಲ ಏಳಲಿಲ್ಲ. ಮೂರನೆಯ ಸಲ ಎದ್ದಂತೆ ಕಂಡಿತು. ಇಂಥ ಸಾಕ್ಷಿ ನನ್ನದು.

ಓದಿದ್ದು ನೆನಪಿಗೆ ಬಂತು. ಕತ್ತಿನ ಎರಡನೆಯ ಮೂಳೆಯಿಂದ ಒಂದು ಗೂಟ ಮೇಲಕ್ಕೆ ನಿಂತಿರುತ್ತದೆ. ಮೊದಲನೆಯ ಮೂಳೆ ಬಳೆಯಂತೆ ಅದನ್ನು ಸುತ್ತಿರುತ್ತದೆ. ಗೂಟವನ್ನು ಬಳೆಗೆ ಬಿಗಿದು ಹಿಡಿಯಲು ಒಂದು ನಾರಿನ ಪಟ್ಟಿ. ಬೆರಳಿನ ಕೀಲು ತಿನ್ನುವ ಕಾಯಿಲೆಯೇ ಆ ಪಟ್ಟಿಯನ್ನೂ ತಿಂದುಬಿಟ್ಟರೆ, ತಲೆ ಬಗ್ಗಿಸಿದಾಗ ಬಳೆ ಮುಂದಕ್ಕೆ ಜಾರಿ ಹುರಿ ನಡುವೆ ಸಿಕ್ಕಿಕೊಳ್ಳುತ್ತದೆ. ಮುದ್ದೆಯ ಹಂಡೆಯ ಮೇಲೆ ಬಗ್ಗುವಾಗ ಇರುವೆ ಹರಿಯುವುದು, ಎತ್ತಿದಾಗ ನಿಲ್ಲುವುದು. ಆಕೆ ಪಾಠದ ಪುಸ್ತಕದಲ್ಲಿದ್ದದ್ದನ್ನೇ ವಾರವಾರವೂ ಹೇಳಿದ್ದರು, ನಮ್ಮ ಹಾಳೆಯಲ್ಲಿ ಅದಕ್ಕೆ ಸೊನ್ನೆ ಇರಲಿಲ್ಲ.

ಅಷ್ಟರಲ್ಲಿ ಓರಗಿತ್ತಿ ಒಂದು ಮಾತು ಹೇಳಿದಳು. "ಬರೋ ಸೋಮವಾರ ಹೊರಕೆರೆದೇವಪುರದ ಕಡೆ ಕರ್ಕಂಡು ಹೋಗ್ತಾರೆ ನಮ್ಮನೆಯವ್ರು. ಅಲ್ಲೊಬ್ರು ಕಾಲು ಮುಂದಾಗಿ ಹುಟ್ಟಿದೋರು ಅವ್ರೆ. ಉಳುಕು ತೆಗೀತಾರೆ. ಹಿಮ್ಮಡಿ ಇಟ್ಟು ಕತ್ತು ಒತ್ತಿ, ತಲೆ ಹಿಡಿದು ಒಂದು ಎಳೆತ ಎಳೆದ್ರೆ ಲಟಕ್ ಅಂತೈತೆ. ಎಷ್ಟೋ ಜನಕ್ಕೆ ವಾಸಿ ಆಗೈತೆ."

ನಮ್ಮ ಸೀಮೆಯಲ್ಲಿ ಇದು ಗೊತ್ತಿದ್ದದ್ದೇ. ಹುಟ್ಟುವಾಗ ಕಾಲು ಮುಂದಾಗಿ ಬಂದವರ ಪಾದಕ್ಕೆ ಉಳುಕು ತೆಗೆಯುವ ಗುಣ ಇದೆ ಎಂಬ ನಂಬಿಕೆ. ನನ್ನ ಸೊಂಟ ಹಿಡಿದುಕೊಂಡಾಗ ನಮ್ಮವ್ವನೂ ಒಬ್ಬರಿಂದ ತುಳಿಸಿದ್ದಳು, ವಾಸಿಯೂ ಆಗಿತ್ತು. ಆದರೆ ಈ ಕತ್ತನ್ನು ಎಳೆದರೆ ಆಕೆ ಅಲ್ಲೇ ಉಸಿರು ನಿಲ್ಲಿಸಬಹುದು. ಹೇಳಿದೆ. ಓರಗಿತ್ತಿ ನನ್ನ ಮುಖ ನೋಡಿದಳು. ಇಷ್ಟು ದಿನ ಚೆನ್ನಾಗಿದೆ, ಚೆನ್ನಾಗಿದೆ ಎಂದವನ ಮುಖ.

"ಅಂಗಾದ್ರೆ ಏನಾಗೈತೆ ಅಂತ ತೋರಿಸ್ರಿ. ನಮ್ಮನೆಯವ್ರಿಗೆ ಹೇಳ್ಬೇಕಲ್ಲ."

ಮರುದಿನ ಅವರಿಬ್ಬರನ್ನು ದುರ್ಗಕ್ಕೆ ಬರಹೇಳಿದೆ. ಬಂದರು. ಕತ್ತಿನ ಪಕ್ಕದಿಂದ ಎಕ್ಸರೇ ತೆಗೆಸಿದೆವು. ಆಕೆ ನೆಟ್ಟಗೆ ಕುಳಿತು ಗೋಡೆ ನೋಡುತ್ತಿದ್ದಾಗ ತೆಗೆದದ್ದು. ಫಿಲ್ಮಿನಲ್ಲಿ ಎಲ್ಲ ಸರಿಯಾಗಿತ್ತು. ಬಳೆ ಬಳೆಯ ಜಾಗದಲ್ಲಿ, ಗೂಟ ಗೂಟದ ಜಾಗದಲ್ಲಿ. ಹಿರಿಯರು ಕಿಟಕಿಗೆ ಹಿಡಿದು ನೋಡಿ ಆಕೆಗೆ ಸಮಾಧಾನದಿಂದಲೇ ಹೇಳಿದರು: "ಮೂಳೆ ಏನೂ ಆಗಿಲ್ಲಮ್ಮ. ಹೆದರಬೇಡಿ. ಮಾತ್ರೆ ತಗೊಂಡು ನಿದ್ದೆ ಮಾಡಿ." ನನ್ನನ್ನು ಪಕ್ಕಕ್ಕೆ ಕರೆದು, ರೋಗಿಗೆ ಇಲ್ಲದ ಭಯ ಹುಟ್ಟಿಸಬಾರದು ಎಂದರು.

ಬಗ್ಗಿಸಿ ಇನ್ನೊಂದು ತೆಗೆಯೋಣವೇ ಎಂದು ಕೇಳಿದೆ.

"ನೀನು ಹೇಳೋದು ನಿಜ ಆಗಿದ್ರೆ, ಬಗ್ಗಿಸೋದೇ ಅಪಾಯ. ನಿಜ ಅಲ್ಲದಿದ್ರೆ, ಬಗ್ಗಿಸೋದು ಯಾಕೆ?" ಎಂದು ಅವರು ವಾರ್ಡಿಗೆ ಹೋದರು.

ಫಿಲ್ಮನ್ನು ಮತ್ತೆ ಕಿಟಕಿಗೆ ಹಿಡಿದು ನೋಡಿದೆ. ಆಮೇಲೆ ಹೊಳೆದದ್ದು ಇಷ್ಟೇ: ಆ ಹೆಂಗಸರಿಬ್ಬರೂ ಹೊರಟುಹೋಗಿದ್ದಾರೆ, ಮೂಳೆ ಸರಿಯಿದೆ ಎಂಬ ಮಾತು ಅವರ ಜೊತೆ ಹೋಗಿದೆ, ಆ ಮಾತು ಹೋಗುವುದು ಎಲ್ಲಿಗೆ ಎಂದು ನನಗೆ ಗೊತ್ತು. ನಿಲ್ದಾಣಕ್ಕೆ ಓಡಿದೆ. ಹೊಸದುರ್ಗದ ಬಸ್ಸು ಇನ್ನೂ ನಿಂತಿತ್ತು. ಆಕೆ ಕಂಬಕ್ಕೆ ಒರಗಿ, ಎರಡೂ ಅಂಗೈಯಲ್ಲಿ ಗದ್ದ ಹೊತ್ತು ಕುಳಿತಿದ್ದರು. ಓರಗಿತ್ತಿ ಮಂಡಕ್ಕಿ ಕಟ್ಟಿಸಿಕೊಳ್ಳುತ್ತಿದ್ದಳು.

"ದೊಡ್ಡ ಡಾಕ್ಟ್ರೇ ಅಂದ್ರಲ್ರಿ, ಮೂಳೆ ಸರಿ ಐತೆ ಅಂತ," ಓರಗಿತ್ತಿ ಅಂದಳು. "ಮೂಳೆ ಸರಿ ಇದ್ರೆ ಇದು ಉಳುಕೇ. ಎಳೆಸಿದ್ರೆ ಹೋಗ್ತೈತೆ."

"ಇನ್ನೊಂದು ಫೋಟೋ ತೆಗೀಬೇಕು. ಕತ್ತು ಬಗ್ಗಿಸಿ."

"ಎಷ್ಟು ಫೋಟೋ ತೆಗೀತೀರಿ? ಮದುವೆ ಮನೆಯೇನ್ರಿ ಇದು?"

ನಾನು ಆಕೆಯ ಮುಂದೆ ಕೂತೆ. ಬಗ್ಗಿಸಿದರೆ ಏನಾಗಬಹುದು, ಬಗ್ಗಿಸದೆ ಬಿಟ್ಟರೆ ಸೋಮವಾರ ಏನಾಗಬಹುದು, ಎರಡನ್ನೂ ಹೇಳಿದೆ. ಹಾಗೆಂದು ಅಂದುಕೊಂಡಿದ್ದೇನೆ. ಎರಡನೆಯದನ್ನು ಜೋರಾಗಿ ಹೇಳಿ ಮೊದಲನೆಯದನ್ನು ಮೆತ್ತಗೆ ಹೇಳಿರಲೂ ಬಹುದು.

ಆಕೆ ಕೇಳಿದರು: "ಬಗ್ಗಿಸೋರು ಯಾರು?"

"ಅಲ್ಲಿ ಎಕ್ಸರೇ ತೆಗೆಯೋರು ಹಿಡಿದು…"

"ಬ್ಯಾಡ. ಯಾರೂ ಮುಟ್ಟಬಾರ್ದು. ನಾನೇ ಬಗ್ಗಿಸ್ತೀನಿ. ಇರುವೆ ಶುರುವಾದಾಗ ನಿಲ್ಲಿಸ್ತೀನಿ, ಆಗ ತೆಗೀರಿ. ನಡೀರಿ ಹೋಗಾಣ, ಬಸ್ಸು ನಾಳೆನೂ ಇರ್ತೈತೆ."

ಎಕ್ಸರೇ ಕೋಣೆಯವರು ಬಾಗಿಲು ಹಾಕುವುದರಲ್ಲಿದ್ದರು. ಸಂಜೆ ಕರೆಂಟು ಹೋಗುವ ಹೊತ್ತು. "ದೊಡ್ಡೋರು ಹೇಳಿದಾರಾ?" ಎಂದರು. ನಾನು ಇಲ್ಲ ಎಂದೆ. ಅವರು ಆಕೆಯನ್ನು ನೋಡಿದರು, ಗದ್ದ ಹೊತ್ತಿದ್ದ ಕೈಗಳನ್ನು ನೋಡಿದರು, ಬಾಗಿಲು ತೆರೆದರು. ಆಕೆಯನ್ನು ಮರದ ಕುರ್ಚಿಯಲ್ಲಿ ಪಕ್ಕಕ್ಕೆ ತಿರುಗಿಸಿ ಕೂರಿಸಿ, ಭುಜದ ಹತ್ತಿರ ಫಿಲ್ಮಿನ ಪೆಟ್ಟಿಗೆ ನಿಲ್ಲಿಸಿ, ನಾನು ಸೀಸದ ಅಂಗಿ ತೊಟ್ಟು ಪಕ್ಕದಲ್ಲೇ ನಿಂತೆ. ಮುಟ್ಟಲಿಲ್ಲ.

ಆಕೆ ತಲೆ ಬಗ್ಗಿಸತೊಡಗಿದರು. ಅಷ್ಟು ನಿಧಾನವಾಗಿ ಯಾರಾದರೂ ತಲೆ ಬಗ್ಗಿಸಿದ್ದನ್ನು ನಾನು ನೋಡಿಲ್ಲ.

"ಕತ್ತಾಗೆ ಬಂದ್ವು," ಆಕೆ ಅಂದರು. ಸ್ವಲ್ಪ ಬಿಟ್ಟು, "ಬೆನ್ನಾಗೆ."

"ಸಾಕು, ಅಲ್ಲೇ ಇರಿ."

"ಇನ್ನೊಂಚೂರು ಬಗ್ಗಿದ್ರೆ ನಿಮ್ಗೆ ಚೆಂದಾಗಿ ಕಾಣ್ತೈತೇನ್ರಿ?"

"ಬೇಡ. ಉಸಿರು ಹಿಡೀರಿ."

ಯಂತ್ರ ಗುಂಯ್ ಎಂದಿತು. ಆಕೆ ತಲೆ ಎತ್ತಿದರು. ಎತ್ತಿದ ಮೇಲೆ, "ಈ ಸಲ ಹೋಗಿಲ್ಲ. ಕಾಲಾಗೆ ಇನ್ನೂ ಅವೆ," ಎಂದರು.

ಕತ್ತಲೆ ಕೋಣೆಯಿಂದ ಫಿಲ್ಮು ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಹಾಗೇ ತಂದರು. ಬಳೆ ಮುಂದಕ್ಕೆ ಜಾರಿತ್ತು. ಬಳೆಗೂ ಗೂಟಕ್ಕೂ ನಡುವೆ ಕಪ್ಪು ಸಂದು. ಅದು ಮುಳ್ಳು ತೂರುವಷ್ಟು ಇದ್ದರೆ ಸಹಜ, ಇಲ್ಲಿ ನನ್ನ ಕಿರುಬೆರಳು ತೂರುತ್ತಿತ್ತು. ಹಿರಿಯರ ಮನೆಗೆ ತೆಗೆದುಕೊಂಡು ಹೋದೆ. ಅವರು ಬಹಳ ಹೊತ್ತು ನೋಡಿದರು. ಮೊದಲು ಕೇಳಿದ್ದು: "ಬಗ್ಗಿಸಿದ್ದು ಯಾರು?" ಹೇಳಿದೆ. ಆಮೇಲೆ ಕೇಳಿದ್ದು: "ಈಗ ಕಾಲು ಹೇಗಿದೆ?" ಅವರು ಚಪ್ಪಲಿ ಮೆಟ್ಟಿ ನನ್ನ ಜೊತೆ ಹೊರಟರು.

ಕತ್ತಿಗೆ ಪಟ್ಟಿ ನಮ್ಮಲ್ಲಿ ಇರಲಿಲ್ಲ. ದಿನಪತ್ರಿಕೆಯನ್ನು ದಪ್ಪಗೆ ಮಡಚಿ, ಗದ್ದದ ಕೆಳಗೆ ಸರಿಹೊಂದುವಂತೆ ಅಂಚು ಮುರಿದು, ಹತ್ತಿ ಸುತ್ತಿ ಹಿರಿಯರೇ ಕಟ್ಟಿದರು. ಅವರ ಬೆರಳು ಅಷ್ಟು ಮೆತ್ತಗೆ ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. "ಓದೋಕೆ ಬರಲ್ಲ ಅಂತ ಪೇಪರ್ ಕತ್ತಿಗೇ ಕಟ್ಟಿದ್ರೇನ್ರಿ," ಎಂದರು ಆಕೆ. ಓರಗಿತ್ತಿ ನಗಲಿಲ್ಲ. ಮಂಡಕ್ಕಿ ಪೊಟ್ಟಣ ಇನ್ನೂ ಕೈಯಲ್ಲಿತ್ತು. "ಸೋಮವಾರ ಎಲ್ಲೂ ಹೋಗಲ್ರಿ," ಅಂದಳು, "ನಾನು ಹೇಳ್ತೀನಿ ಮನೆಯಾಗೆ."

ಬೆಂಗಳೂರಿನಲ್ಲಿ ತಂತಿ ಹಾಕಿ ಆ ಎರಡು ಮೂಳೆಗಳನ್ನು ಬಿಗಿಯುವ ಶಸ್ತ್ರಚಿಕಿತ್ಸೆ ಮಾಡುವವರಿದ್ದರು. ಹಾಸಿಗೆ ಖಾಲಿಯಾಗಲಿ ಎಂದು ಕಾಯಬೇಕಾಯಿತು. ಆ ಕಾಯುವಿಕೆಯಲ್ಲಿ ಆಕೆ ನಮ್ಮ ಆಸ್ಪತ್ರೆಯಲ್ಲೇ ಮರಳಿನ ಚೀಲಗಳ ನಡುವೆ ತಲೆ ಇಟ್ಟು ಮಲಗಿದ್ದರು. ದಿನವೂ ಹೋಗಿ ಪಾದದ ಬೆರಳು ಹಿಡಿದು ಮೇಲೋ ಕೆಳಗೋ ಎಂದು ಕೇಳುತ್ತಿದ್ದೆ. ಮೊದಮೊದಲು ಸರಿಯಾಗಿ ಹೇಳುತ್ತಿದ್ದರು. ಆಮೇಲೆ, "ಯಾವ ಕಾಲು ಹಿಡ್ಕಂಡಿದೀರಿ ಮೊದ್ಲು ಹೇಳ್ರಿ," ಎನ್ನತೊಡಗಿದರು. ಒಂದು ಬೆಳಿಗ್ಗೆ ಮೂತ್ರ ನಿಂತಿತು. ಹಾಸಿಗೆ ಸಿಕ್ಕಿತೆಂಬ ಸುದ್ದಿ ಬಂದದ್ದು ಆಮೇಲೆ. ಲಾರಿಯಂಥ ಒಂದು ವ್ಯಾನಿನಲ್ಲಿ, ಹಿರಿಯೂರು ದಾಟುವವರೆಗೂ ಒಂದೊಂದು ಗುಂಡಿಗೂ ನಾನು ಆಕೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಅಲ್ಲಿಂದ ಮುಂದಕ್ಕೆ ಯಾರು ಹಿಡಿದರು? ನಾನೇ ಇರಬೇಕು. ಹಿರಿಯೂರಿನ ಆಚೆಯ ದಾರಿ ನನ್ನ ನೆನಪಿನಲ್ಲಿ ಇಲ್ಲ.

ಶಸ್ತ್ರಚಿಕಿತ್ಸೆ ಆಯಿತು. ಆಕೆ ಬದುಕಿದರು. ತಿಂಗಳುಗಳ ಮೇಲೆ ಬಾಗೂರಿಗೆ ಹೋಗಿ ನೋಡಿದೆ. ಗೋಡೆಗೆ ಒರಗಿಸಿದರೆ ಕೂರುತ್ತಿದ್ದರು. ಹಿಡಿದೆತ್ತಿದರೆ ನಾಲ್ಕು ಹೆಜ್ಜೆ. ಊಟ ಓರಗಿತ್ತಿ ತಿನ್ನಿಸಬೇಕಿತ್ತು. ತೊಡೆಯ ಮೇಲಿದ್ದ ಎರಡೂ ಕೈಗಳು ತೆಳ್ಳಗಾಗಿ, ಗೆಣ್ಣುಗಳಲ್ಲಿ ಊತದ ಗುರುತೂ ಇರಲಿಲ್ಲ. ಒತ್ತಿ ನೋಡಿದೆ. ಎಲ್ಲೂ ನೋವಿಲ್ಲ. ನಮ್ಮ ಲೆಕ್ಕದಲ್ಲಿ ಅಂಥ ಕೀಲುಗಳು ಬೇರೆ ಯಾವ ರೋಗಿಗೂ ಬಂದಿರಲಿಲ್ಲ.

"ಚಿನ್ನದ ಸೂಜಿ ಇನ್ನೂ ಹಾಕ್ತೀರೇನ್ರಿ?" ಆಕೆ ಕೇಳಿದರು. "ಕೈ ವಾಸಿ ಆಗಿರೋದು ಅದ್ರಿಂದಾನೇ ಅಂದ್ರೆ ಹಾಕ್ರಿ. ಅಲ್ಲ ಅಂದ್ರೆ ಸುಮ್ನೆ ಯಾಕೆ ಚುಚ್ಚಿಸ್ಕಳ್ಳಿ?"

ಪಾರ್ಶ್ವವಾಯು ಬಡಿದ ಕಡೆಯ ಕೈಕಾಲಿಗೆ ಈ ಕಾಯಿಲೆ ಅಷ್ಟಾಗಿ ತಾಕುವುದಿಲ್ಲ ಎಂದು ಓದಿದ್ದೆ. ನರದ ಸಂಪರ್ಕ ಕ್ಷೀಣಿಸಿದರೆ ಕೀಲಿನ ಊತವೂ ಇಳಿಯಬಹುದಂತೆ. ಹಾಗಾದರೆ ನಾವು ತಿಂಗಳುಗಟ್ಟಲೆ ಗುಣ ಎಂದು ಬರೆದುಕೊಂಡದ್ದು ಹುರಿ ನಜ್ಜುವ ಗುರುತೇ ಆಗಿದ್ದಿರಬಹುದು. ಅಥವಾ ಚಿನ್ನ ತನ್ನ ಕೆಲಸ ಮಾಡುತ್ತಿದ್ದು, ಕತ್ತು ಬೇರೆಯಾಗಿ ತನ್ನ ದಾರಿ ಹಿಡಿದಿರಬಹುದು. ಈಗ ಶಬ್ದದ ಅಲೆ ಕಳಿಸಿ ಕೀಲಿನ ಒಳಪೊರೆಯನ್ನೇ ತೋರಿಸುವ ಯಂತ್ರ ಬಂದಿದೆ. ಅದರಲ್ಲಿ ಕಂಡದ್ದಕ್ಕೂ ರೋಗಿ ಹೇಳುವುದಕ್ಕೂ ಎಷ್ಟೋ ಸಲ ಹೊಂದುವುದಿಲ್ಲ ಎಂದು ಅದನ್ನು ಬಳಸುವ ಕಿರಿಯರು ಹೇಳುತ್ತಾರೆ. ಆಕೆಯ ಕೈಗಳ ಮೇಲೆ ಅದನ್ನು ಇಟ್ಟಿದ್ದರೂ ಕೈಗಳಷ್ಟೇ ಕಾಣುತ್ತಿದ್ದವು.

ಆ ದಿನ ನಾನು ಮೂತ್ರ ಕಾಯಿಸಿ ನೋಡಿ ಸೂಜಿ ಹಾಕಿದೆ. ಅದು ಸರಿಯೋ ತಪ್ಪೋ ತಿಳಿಯದು. ಆಕೆಯ ಕೈ ವಾಸಿಯಾದದ್ದು ಚಿನ್ನದಿಂದಲೋ, ಹುರಿ ಸೋತದ್ದರಿಂದಲೋ ತಿಳಿಯದು. ಆ ಸಂಜೆ ಕುರ್ಚಿಯಲ್ಲಿ ತಲೆ ಬಗ್ಗಿಸದೇ ಇದ್ದಿದ್ದರೆ ಆಕೆಯ ಕಾಲುಗಳು ಇನ್ನೆಷ್ಟು ದಿನ ಆಕೆಯವೇ ಆಗಿ ಇರುತ್ತಿದ್ದವು ಎಂಬುದೂ ನನಗೆ ತಿಳಿಯದು.